ಲೈವ್ ದೃಶ್ಯಕ್ಕಿಂತ ಮೊದಲು ದಾಖಲೆಯ ಹಕ್ಕು ಕೊಡಿ

ಮಾನ್ಯ ಸಂಪಾದಕರೇ,

ತರಗತಿಯ ಸಿ.ಸಿ. ಟಿ.ವಿ. ದೃಶ್ಯಗಳನ್ನು ಪೋಷಕರು ತಮ್ಮ ಮೊಬೈಲ್‌ನಲ್ಲೇ ನೋಡುವಂತಾಗಬೇಕು ಎಂಬ ಬೇಡಿಕೆ ಖಾಸಗಿ ಶಾಲೆಗಳ ಪೋಷಕರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ಹುಡುಗಿಯ ತಾಯಿಯಾಗಿ ಆ ಬೇಡಿಕೆಯ ಹಿಂದಿನ ಭಯ ನನಗೆ ಚೆನ್ನಾಗಿ ಗೊತ್ತು. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಪುಟ್ಟ ಬಾಲಕಿಯ ಮೇಲೆ ನಡೆದ ದೌರ್ಜನ್ಯವನ್ನೂ ಅದರ ವಿರುದ್ಧ ಪೋಷಕರು ಬೀದಿಗಿಳಿದದ್ದನ್ನೂ ಈ ರಾಜ್ಯ ಮರೆತಿಲ್ಲ. ಆದರೂ ಲೈವ್ ದೃಶ್ಯವನ್ನು ಮೊಬೈಲ್‌ಗೆ ಕೊಡುವುದರಿಂದ ಮಕ್ಕಳಿಗೆ ರಕ್ಷಣೆ ಸಿಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ದೆಹಲಿ ಸರ್ಕಾರ 2019ರಲ್ಲಿ ಸರ್ಕಾರಿ ಶಾಲೆಗಳ ತರಗತಿಗಳಿಗೆ ಕ್ಯಾಮೆರಾ ಹಾಕಿ, ಪೋಷಕರು ಆ್ಯಪ್ ಮೂಲಕ ನೋಡುವ ಯೋಜನೆಗೆ ಚಾಲನೆ ಕೊಟ್ಟಿತು. ಪಾಸ್‌ವರ್ಡ್ ಇದ್ದವರು ತಮ್ಮ ಮಗುವಿನ ತರಗತಿಯನ್ನಷ್ಟೇ, ಅದೂ ಸೀಮಿತ ಸಮಯ ನೋಡಬಹುದು ಎಂಬುದು ಅದರ ನಿರ್ಬಂಧವಾಗಿತ್ತು. ಖಾಸಗಿತನದ ಪ್ರಶ್ನೆ ಎತ್ತಿ ಸುಪ್ರೀಂ ಕೋರ್ಟಿಗೆ ಹೋದವರಿಗೆ ಆ ವರ್ಷ ತಡೆಯಾಜ್ಞೆ ಸಿಗಲಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಅದೇ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತ್ತು. ಆ ತೀರ್ಪಿಗೆ ಕಾರಣವಾದ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ.

ಪಾಸ್‌ವರ್ಡಿನ ನಿರ್ಬಂಧ ಎಷ್ಟೇ ಬಿಗಿಯಾಗಿದ್ದರೂ ಒಂದು ತೊಡಕು ಉಳಿದೇ ಉಳಿಯುತ್ತದೆ. ನನ್ನ ಮಗಳ ತರಗತಿಯ ದೃಶ್ಯವೆಂದರೆ ಅದರಲ್ಲಿ ಅವಳ ಜತೆ ಕೂತ ಮಕ್ಕಳೆಲ್ಲರೂ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯನ್ನು ಮುಖ್ಯವಾಗಿಸಿದೆ. ನನ್ನ ಮಗಳ ಪರವಾಗಿ ನಾನು ಒಪ್ಪಬಹುದು, ಪಕ್ಕದ ಬೆಂಚಿನ ಮಗುವಿನ ಪರವಾಗಿ ಹೇಗೆ ಒಪ್ಪಲಿ? ಲೆಕ್ಕ ತಪ್ಪಿ ಬೈಸಿಕೊಂಡು ಅಳುತ್ತಿರುವ ಹುಡುಗನನ್ನು ಯಾರೋ ಮೊಬೈಲ್‌ನಲ್ಲಿ ಸೆರೆಹಿಡಿದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಅದನ್ನು ಹಿಂಪಡೆಯಲು ಶಾಲೆಯಿಂದಲೂ ಸಾಧ್ಯವಿಲ್ಲ, ಪೊಲೀಸರಿಂದಲೂ ಸಾಧ್ಯವಿಲ್ಲ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಕಿರುಕುಳ ಕೊಡುವವನು ತುಂಬಿದ ತರಗತಿಯನ್ನು ಆರಿಸಿಕೊಳ್ಳುವುದು ಅಪರೂಪ. ಖಾಲಿ ಕೊಠಡಿ, ಮೆಟ್ಟಿಲ ತಿರುವು, ಉಗ್ರಾಣ, ಶಾಲಾ ವಾಹನ ಇಂಥ ಕಡೆ ಅವನು ಹೊಂಚು ಹಾಕುತ್ತಾನೆ. ಕೆಲಸದ ನಡುವೆ ಐದು ನಿಮಿಷ ಬಿಡುವು ಮಾಡಿಕೊಂಡು ಮೊಬೈಲ್ ತೆರೆಯುವ ತಂದೆತಾಯಿಯ ಕಣ್ಣಿಗೆ ಅದು ಬೀಳುವುದಿಲ್ಲ. ಮಗು ನಡೆದದ್ದನ್ನು ಹೇಳುವುದೂ ಅದೇ ದಿನವಲ್ಲ. ಹೆದರಿಕೆಯಿಂದಲೋ ನಾಚಿಕೆಯಿಂದಲೋ ವಾರಗಟ್ಟಲೆ ಬಾಯಿಬಿಡದೆ, ಊಟ ಬಿಟ್ಟು, ಶಾಲೆಗೆ ಹೋಗಲು ಹಟ ಮಾಡಿ, ಕೊನೆಗೊಂದು ದಿನ ಅಜ್ಜಿಯ ಹತ್ತಿರವೋ ಅಕ್ಕನ ಹತ್ತಿರವೋ ಹೇಳುತ್ತದೆ. ಅಷ್ಟರಲ್ಲಿ ಕ್ಯಾಮೆರಾದ ದಾಖಲೆ ಅಳಿಸಿಹೋಗಿರುತ್ತದೆ. 2025ರ ಜುಲೈನಲ್ಲಿ ಸಿಬಿಎಸ್‌ಇ ತನ್ನ ನಿಯಮ ತಿದ್ದಿ, ಶೌಚಾಲಯಗಳನ್ನು ಬಿಟ್ಟು ತರಗತಿ, ಮೆಟ್ಟಿಲು, ಉಗ್ರಾಣ, ಮೈದಾನ ಎಲ್ಲೆಡೆ ಧ್ವನಿಸಹಿತ ಕ್ಯಾಮೆರಾ ಕಡ್ಡಾಯ ಮಾಡಿತು. ಆದರೆ ದಾಖಲೆಯನ್ನು ಕನಿಷ್ಠ 15 ದಿನ ಇಟ್ಟುಕೊಂಡರೆ ಸಾಕು ಎಂದಿತು. ಹೆಚ್ಚಿನ ಶಾಲೆಗಳು ಆ ಕನಿಷ್ಠಕ್ಕೇ ನಿಲ್ಲುತ್ತವೆ ಎಂಬುದು ನನ್ನ ಆತಂಕ.

ಹಾಗಾಗಿ ಪೋಷಕರು ಪಟ್ಟು ಹಿಡಿಯಬೇಕಾದದ್ದು ದಾಖಲೆಯ ಹಕ್ಕಿಗಾಗಿ. ದೃಶ್ಯಗಳನ್ನು ಮೂರು ತಿಂಗಳಾದರೂ ಉಳಿಸಬೇಕು. ಪೋಷಕರು ಲಿಖಿತ ದೂರು ಕೊಟ್ಟ ದಿನವೇ ಆ ಅವಧಿಯ ದೃಶ್ಯವನ್ನು ಅಳಿಸಲಾಗದಂತೆ ತೆಗೆದಿರಿಸಿ, ಮುಖ್ಯ ಶಿಕ್ಷಕರು ಮತ್ತು ಪೋಷಕರ ಪ್ರತಿನಿಧಿಯೊಬ್ಬರ ಎದುರು ಶಾಲೆಯಲ್ಲೇ ತೋರಿಸಬೇಕು. ದೂರು ಲೈಂಗಿಕ ದೌರ್ಜನ್ಯದ್ದಾಗಿದ್ದರೆ ಶಾಲೆ ತಾನೇ ವಿಚಾರಣೆಗೆ ಇಳಿಯದೆ ಪೋಕ್ಸೊ ಕಾಯ್ದೆಯಂತೆ ತಕ್ಷಣ ಪೊಲೀಸರಿಗೆ ತಿಳಿಸಿ, ದೃಶ್ಯವನ್ನು ಅವರಿಗೇ ಒಪ್ಪಿಸಬೇಕು. ಯಾರು, ಯಾವಾಗ, ಏಕೆ ನೋಡಿದರು ಎಂಬುದು ಪುಸ್ತಕದಲ್ಲಿ ದಾಖಲಾಗಬೇಕು. ಈ ನಿಯಮ ಆಡಳಿತ ಮಂಡಳಿಯವರಿಗೂ ಅನ್ವಯಿಸಬೇಕು. ಮನೆಯ ಕಷ್ಟ ಹೇಳಿಕೊಳ್ಳಲು ಶಿಕ್ಷಕಿಯ ಮೇಜಿನ ಬಳಿ ಬರುವ ಮಗುವಿನ ಮಾತು ಧ್ವನಿಮುದ್ರಣವಾಗಬಾರದು. ಆದ್ದರಿಂದ ತರಗತಿಯೊಳಗೆ ಧ್ವನಿ ದಾಖಲಿಸುವ ನಿಯಮವನ್ನು ಸಿಬಿಎಸ್‌ಇ ಮರುಪರಿಶೀಲಿಸಬೇಕು.

ಇನ್ನೂ ಮಾತು ಬಾರದ ಶಿಶುವಿಹಾರದ ಮಕ್ಕಳ ವಿಷಯ ಬೇರೆ. ಎಲ್ಲ ಪೋಷಕರೂ ಲಿಖಿತವಾಗಿ ಒಪ್ಪಿದರೆ, ಆಟದ ಕೋಣೆಯ ಧ್ವನಿರಹಿತ ದೃಶ್ಯವನ್ನು ಗೊತ್ತಾದ ಹೊತ್ತಿನಲ್ಲಿ ತೋರಿಸುವುದಕ್ಕೆ ನನ್ನ ವಿರೋಧವಿಲ್ಲ. ಬಟ್ಟೆ ಬದಲಿಸುವ, ಮಲಗಿಸುವ ಜಾಗ ಮಾತ್ರ ಅದರಲ್ಲಿ ಬರಕೂಡದು.

ಶಾಲಾ ಶಿಕ್ಷಣ ಇಲಾಖೆಯು ರಾಜ್ಯ ಪಠ್ಯಕ್ರಮದ ಶಾಲೆಗಳಿಗೂ ಅನ್ವಯಿಸುವಂತೆ ಈ ಬಗ್ಗೆ ಸ್ಪಷ್ಟ ಸುತ್ತೋಲೆಯೊಂದನ್ನು ಹೊಸ ಶೈಕ್ಷಣಿಕ ವರ್ಷಕ್ಕೆ ಮೊದಲೇ ಹೊರಡಿಸಬೇಕು. ಅದರ ಪ್ರತಿಯನ್ನು ಪ್ರವೇಶ ಅರ್ಜಿಯ ಜತೆಯಲ್ಲೇ ಪೋಷಕರ ಕೈಗೆ ಕೊಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಒಬ್ಬ ತಾಯಿ, ದಾವಣಗೆರೆ