ಬಂಡೀಪುರದ ಆ ಖಾಕಿ ಅಣ್ಣನಿಗೆ
ನಾಗರಹೊಳೆ ಮುಗಿಸಿಕೊಂಡು ಬಂಡೀಪುರದ ಮೂಲಕ ಮುದುಮಲೈಗೆ ಹೊರಟಿದ್ದೆವು. ಮಕ್ಕಳಿಗೆ ದಸರಾ ರಜೆ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಟೈರು ಪಂಕ್ಚರ್. ಆ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ಬಂದ್. ಆಗಲೇ ಹೊತ್ತು ಇಳಿಯುತ್ತಿತ್ತು. ಎರಡೂ ಬದಿ ಲಂಟಾನ ಪೊದೆ, ಒಳಗೆ ಆನೆಯೇ ನಿಂತಿದ್ದರೂ ಕಾಣದು. ಚಿಕ್ಕವಳು ವಾಂತಿ ಮಾಡಿಕೊಂಡು ಅಳುತ್ತಿದ್ದಳು. ಫೋನಿಗೆ ಸಿಗ್ನಲ್ ಇಲ್ಲ. ನಿಜಕ್ಕೂ ಕೈಕಾಲು ಆಡಲಿಲ್ಲ.

ಅಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂತು. ಖಾಕಿ ಹಾಕಿದ್ದ ಅಣ್ಣ ಇಳಿದವರೇ, "ಮಕ್ಕಳನ್ನ ಇಳಿಸಬೇಡಿ ಅಕ್ಕಾ, ಒಳಗೇ ಇರಿ" ಅಂದರು. ಗದರಲಿಲ್ಲ, ಯಾಕೆ ನಿಂತಿರಿ ಅಂತಲೂ ಕೇಳಲಿಲ್ಲ. ಜೀಪನ್ನು ನಮಗೂ ಪೊದೆಗೂ ನಡುವೆ ಅಡ್ಡ ನಿಲ್ಲಿಸಿ, ಡ್ರೈವರ್‌ಗೆ ಕಾಡಿನ ಕಡೆ ನೋಡುತ್ತಿರಲು ಹೇಳಿ, ತಾವೇ ಜಾಕ್ ಹಾಕಿದರು. ಒಂದು ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರ್ ಮೇಲೆ ಹತ್ತಿ ನಿಂತು ತುಳಿದು ಸಡಿಲ ಮಾಡಿದರು. ನಡುವೆ ಪ್ಯಾಂಟಿಗೆ ಕೈ ಒರೆಸಿಕೊಂಡು, ತಮ್ಮ ನೀರಿನ ಬಾಟಲಿಯನ್ನು ಕಿಟಕಿಯಿಂದ ಕೊಟ್ಟು, "ಪುಟ್ಟೀ, ಒಂದು ಗುಟುಕು ಕುಡಿ. ಆಮೇಲೆ ಆ ಮರದಲ್ಲಿ ಮುಸುವ ಎಷ್ಟಿವೆ ಎಣಿಸಿ ಹೇಳು" ಅಂದರು. ಅವಳು ಅಳು ನಿಲ್ಲಿಸಿ ಎಣಿಸತೊಡಗಿದಳು. ನನಗೆ ಉಸಿರು ಬಂದದ್ದು ಆಗ.

ದುಡ್ಡು ಕೊಡಹೋದರೆ ಕೈ ಮುಗಿದು ಬೇಡ ಅಂದರು. ಗಡಿಯ ಕೆಕ್ಕನಹಳ್ಳದವರೆಗೂ ನಮ್ಮ ಹಿಂದೆಯೇ ಬಂದು, ಕೈ ಬೀಸಿ ತಿರುಗಿಕೊಂಡರು. ಹೆಸರು ಕೇಳಲು ಆಗಲೇ ಇಲ್ಲ. ಆ ಕಡೆ ಕೆಲಸ ಮಾಡುವವರು ಯಾರಾದರೂ ಓದಿದರೆ ದಯವಿಟ್ಟು ಅವರಿಗೆ ತಿಳಿಸಿ: ಕತ್ತಲಾಗುವ ಮೊದಲೇ ಮಸಿನಗುಡಿ ಸೇರಿದೆವು, ಮಗಳು ಹೊಟ್ಟೆ ತುಂಬ ಮೊಸರನ್ನ ತಿಂದು ಮಲಗಿದಳು. ತುಂಬಾ ಉಪಕಾರವಾಯಿತು, ಅಣ್ಣಾ.