ಮಾತು ಮುಗಿಸೋಕಾದ್ರೂ ಬಿಡ್ರಪ್ಪ

ಸಂಪಾದಕರೇ,

ನಮ್ಮಲ್ಲಿ ಹುಷಾರಿಲ್ದೋರನ್ನ ನೋಡೋಕೆ ಹೋಗೋದು ಅಂದ್ರೆ ಮೂಸಂಬಿ, ಬ್ರೆಡ್ ಪ್ಯಾಕೆಟ್ ಜೊತೆ ನಮ್ಮ ಕಾಯಿಲೆ ಕಥೇನೂ ತಗೊಂಡ್ ಹೋಗೋದು ಅನ್ನೋ ಹಾಗಾಗಿದೆ. ಮಂಡಿ ಆಪರೇಷನ್ ಆದೋರು "ರಾತ್ರಿ ನಿದ್ದೇನೇ ಬರಲ್ಲ ಕಣ್ರಿ" ಅಂತ ಶುರು ಮಾಡಿರ್ತಾರೆ ಅಷ್ಟೇ, "ಅಯ್ಯೋ ನಮ್ಮ ಭಾವಂಗೂ ಹಿಂಗೇ ಆಗಿತ್ತು" ಅಂತ ಒಬ್ರು, "ನಾಟಿ ಔಷಧಿ ಕೊಡೋರೊಬ್ರು ಇದಾರೆ, ನಂಬರ್ ಕಳಿಸ್ತೀನಿ" ಅಂತ ಇನ್ನೊಬ್ರು, ಕೊನೆಗೆ ಪಾಪ ಮಲಗಿರೋರೇ ಬಂದೋರ ಕಷ್ಟಕ್ಕೆಲ್ಲ ಸಮಾಧಾನ ಹೇಳಿ ಕಳಿಸ್ಬೇಕು. ನಿದ್ದೆ ಯಾಕೆ ಬರಲ್ಲ, ನೋವಿಗೋ ಭಯಕ್ಕೋ ಆಸ್ಪತ್ರೆ ಬಿಲ್ಲಿನ ಚಿಂತೆಗೋ ಅಂತ ಒಬ್ರಾದ್ರೂ ಕೇಳಿದ್ರಾ?

ಎಲ್ಲದಕ್ಕೂ ಮೊಬೈಲ್‌ನ ಬೈಯೋದು ಈಗ ಫ್ಯಾಷನ್ನು, ಆದ್ರೆ ಈ ಚಾಳಿ ಮೊಬೈಲ್‌ಗಿಂತ ಹಳೇದು. 1984ರಲ್ಲೇ ಅಮೆರಿಕದ ಬೆಕ್‌ಮನ್, ಫ್ರಾಂಕೆಲ್ ಅನ್ನೋರು ಡಾಕ್ಟ್ರು ಪೇಷೆಂಟ್ ಮಾತುಕತೆ ರೆಕಾರ್ಡ್ ಮಾಡಿ ನೋಡಿದ್ರೆ ಸರಾಸರಿ 18 ಸೆಕೆಂಡಿಗೆಲ್ಲ ಡಾಕ್ಟ್ರು ಮಧ್ಯ ಬಾಯಿ ಹಾಕ್ತಿದ್ರಂತೆ. ಡಾಕ್ಟ್ರಿಗಾದ್ರೂ ಹೊರಗೆ ಕ್ಯೂ ಇರುತ್ತೆ, ನಮಗೇನ್ರಿ ಅರ್ಜೆಂಟು? 2009ರಲ್ಲಿ 10 ಭಾಷೆಗಳ ಮಾತುಕತೆ ಅಳೆದವರಿಗೆ ಪ್ರಶ್ನೆ ಮುಗಿದು ಉತ್ತರ ಶುರುವಾಗೋ ಮಧ್ಯ ಸಿಕ್ಕಿದ ಗ್ಯಾಪು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗ, ಅಂದ್ರೆ ಎದುರಿಗಿರೋರು ಇನ್ನೂ ಮಾತಾಡ್ತಿರುವಾಗಲೇ ನಾವು ಒಳಗೊಳಗೇ ಉತ್ತರ ರೆಡಿ ಮಾಡ್ಕೊಳ್ತಾ ಇರ್ತೀವಿ. ಅದು ಮನುಷ್ಯರ ಸ್ವಭಾವ ಬಿಡಿ, ಆದ್ರೆ ರೆಡಿ ಆಗಿದ್ದನ್ನೆಲ್ಲ ಬಡಿಸಲೇಬೇಕು ಅಂತೇನಿಲ್ವಲ್ಲ.

ಹಂಗಂತ ಬಾಯಿ ಮುಚ್ಕೊಂಡು ಕೂತಿರಿ ಅಂತಲ್ಲ. ಹಳ್ಳಿ ಕಡೆ ಅಜ್ಜಿ ಕಥೆ ಹೇಳ್ಬೇಕಾದ್ರೆ ಹೂಂಗುಟ್ಟೋರು ಬೇಕೇ ಬೇಕು, ಹೂಂ ನಿಂತ್ರೆ ಕಥೇನೂ ನಿಂತ್ಹೋಗುತ್ತೆ, ಆಮೇಲೆ "ಎಲ್ಲಿಗೆ ಬಂದಿದ್ದೆ ಹೇಳು" ಅಂತ ಕೇಳಿದ್ರೆ ಕೇಳಿಸ್ಕೊಂಡೋರು ಯಾರು ತೂಕಡಿಸಿದೋರು ಯಾರು ಅಂತ ಗೊತ್ತಾಗ್ಬಿಡುತ್ತೆ. ಟಿವಿ ಕಡೆ ಮುಖ ಮಾಡ್ಕೊಂಡು ಹೂಂ ಅನ್ನೋ ಗಂಡಂದಿರಿಗೆ ಮನೇಲಿ ಈ ಪರೀಕ್ಷೆ ಇಡಬಹುದು.

ಇನ್ನೊಂದು ರಿಕ್ವೆಸ್ಟು ಪೇಪರ್‌ನವರಿಗೇ. ಮನೇಲಿ ಹೇಳ್ಕೊಳ್ಳೋಕೆ ಯಾರೂ ಇಲ್ದೋರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಿಂದ ನಡೀತಿದೆ, ಫ್ರೀ, ರಾತ್ರಿ ಹಗಲು ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಇದಕ್ಕೆ ಮುಖ್ಯ ಕೇಂದ್ರ. ಈ ನಂಬರನ್ನ ಆತ್ಮಹತ್ಯೆ ಸುದ್ದಿ ಕೆಳಗೆ ಮಾತ್ರ ಹಾಕೋ ಬದ್ಲು ದಿನಭವಿಷ್ಯದ ಪಕ್ಕ ದಿನಾ ಹಾಕಿ, ಆ ಕಾಲಂ ಅಂತೂ ಯಾರೂ ಓದದೇ ಬಿಡಲ್ಲ.

ಓದುಗ, ಮೈಸೂರು