ಹನುಮಂತಪ್ಪ ಅವರನ್ನು ನೆನೆಯಲು ಬಂದ ನಿಮ್ಮೆಲ್ಲರಿಗೂ

ಮೊನ್ನೆ ಫೆಬ್ರವರಿ 11ಕ್ಕೆ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ತೀರಿಕೊಂಡು ಹತ್ತು ವರ್ಷ ಆಯಿತು. ಅವತ್ತು ಸಂಜೆ ನಮ್ಮ ಓಣಿಯಲ್ಲಿ ಅವರನ್ನು ನೆನೆಯಲು ಸೇರಿದ್ದೆವು. ಮೂವತ್ತು ಜನ ಬಂದರೆ ಜಾಸ್ತಿ ಅಂದುಕೊಂಡಿದ್ದೆ. ಕುರ್ಚಿ ಸಾಲದೆ ಜನ ಕಟ್ಟೆ ಮೇಲೆ, ಮೆಟ್ಟಿಲ ಮೇಲೆ ಕೂತರು. ರಾತ್ರಿ ಎಲ್ಲರೂ ಹೊರಟಾಗ ನನಗೆ ಗಂಟಲು ಕಟ್ಟಿತ್ತು, ಯಾರಿಗೂ ಸರಿಯಾಗಿ ಎರಡು ಮಾತು ಹೇಳಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಪೆಂಡಾಲಿನ ಅಣ್ಣನಿಗೆ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ಟರು. "ಅಕ್ಕಾರ, ಇದಕ್ಕ ರೊಕ್ಕ ತಗೊಂಡ್ರ ಮನ್ಯಾಗ ನಮ್ಮವ್ವ ಊಟಕ್ಕ ಹಾಕಂಗಿಲ್ರಿ" ಅಂದರು. ಹೂವಿನ ಅಜ್ಜಿ ಎರಡು ಮೊಳ ಕೇಳಿದರೆ ಬುಟ್ಟಿಯಲ್ಲಿದ್ದ ಸೇವಂತಿಗೆ ಪೂರ್ತಿ ತಂದು ಫೋಟೋದ ಮುಂದೆ ಸುರಿದರು. ಚಹಾ, ಚುರುಮುರಿ ಮಾಡಿದ ಓಣಿಯ ಹೆಣ್ಣುಮಕ್ಕಳೇ, ನಿಮಗೆ ಬೇರೆಯಾಗಿ ಮನೆಗೇ ಬಂದು ಹೇಳುತ್ತೇನೆ.

ನನಗೆ ಯಾಕೆ ಇದು ಇಷ್ಟು ಮುಖ್ಯ ಅಂತ ಕೆಲವರು ಕೇಳಿದಿರಿ. 2016ರಲ್ಲಿ ನನ್ನ ತಮ್ಮ ಮಿಲ್ಟ್ರಿಯಲ್ಲಿದ್ದ. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಸಿಕ್ಕಿಕೊಂಡಿದ್ದಾರೆ, ಎಲ್ಲರೂ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನವರು ಅಂತ ಸುದ್ದಿ ಬಂತು. ತಮ್ಮ ಅಲ್ಲಿರಲಿಲ್ಲ, ಅದು ನಮಗೆ ಗೊತ್ತಿತ್ತು. ಆದರೂ ಅವ್ವ ಟಿವಿ ಮುಂದಿನಿಂದ ಏಳಲಿಲ್ಲ. ಹತ್ತೂ ಮಂದಿ ಹೋದರು ಅಂತಲೇ ಎಲ್ಲರೂ ಅಂದುಕೊಂಡಿದ್ದಾಗ ಆರನೇ ದಿನ ಒಬ್ಬರು ಉಸಿರಾಡುತ್ತಾ ಸಿಕ್ಕರು. ನಮ್ಮದೇ ಧಾರವಾಡ ಜಿಲ್ಲೆ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಹುಡುಗ! ಅವ್ವ ಅವತ್ತು ದೇವರಿಗೆ ಎರಡು ದೀಪ ಹಚ್ಚಿದಳು. ಒಂದು ತಮ್ಮನಿಗೆ, ಒಂದು ಅವರಿಗೆ. ಮೂರು ದಿನ ಆದ ಮೇಲೆ ಆ ಎರಡನೇ ದೀಪದ ಮುಂದೆ ಕೂತು ಅತ್ತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರುದಿನ ಹುಬ್ಬಳ್ಳಿಯ ನೆಹರು ಮೈದಾನದಲ್ಲಿ ನಾವಿಬ್ಬರೂ ಸಾಲಿನಲ್ಲಿ ನಿಂತಿದ್ದೆವು.

ಆ ಆರು ದಿನದ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚಿನ ಹದಿಮೂರು ವರ್ಷ ಎಷ್ಟು ಜನಕ್ಕೆ ಗೊತ್ತು ಹೇಳಿ? ಸಂಜೆ ಅದನ್ನೇ ಮಾತಾಡಬೇಕು ಅಂತ ನಾನು ಹಟ ಹಿಡಿದಿದ್ದೆ. ಅವರು ಸೇನೆ ಸೇರಿದ್ದು 2002ರ ಅಕ್ಟೋಬರ್‌ನಲ್ಲಿ. 2003ರಿಂದ 2006ರವರೆಗೆ ಜಮ್ಮು ಕಾಶ್ಮೀರದ ಮಹೋರ್‌ನಲ್ಲಿ ಉಗ್ರರ ವಿರುದ್ಧದ ಕೆಲಸ. 2008ರಲ್ಲಿ ತಾವೇ ಕೇಳಿಕೊಂಡು ಮತ್ತೆ ಅಲ್ಲಿಗೇ, ಉಗ್ರರ ವಿರುದ್ಧ ಹೋರಾಡುವ ಸೇನಾ ಪಡೆ 54 ರಾಷ್ಟ್ರೀಯ ರೈಫಲ್ಸ್‌ಗೆ ಹೋದರು. 2010ರಲ್ಲಿ ಮತ್ತೆ ತಾವೇ ಕೇಳಿಕೊಂಡು ಈಶಾನ್ಯಕ್ಕೆ. 2015ರ ಆಗಸ್ಟ್‌ನಿಂದ ಸಿಯಾಚಿನ್. ಲೆಕ್ಕ ಹಾಕಿದರೆ ಹದಿಮೂರರಲ್ಲಿ ಹತ್ತು ವರ್ಷ ಕಷ್ಟದ ಜಾಗದಲ್ಲೇ ಕಳೆದಿದ್ದಾರೆ. ಕಳಿಸಿದರು ಅಂತ ಹೋಗುವುದು ಬೇರೆ, ನನ್ನನ್ನು ಕಳಿಸಿ ಅಂತ ಕೇಳುವುದು ಬೇರೆ ಅಲ್ವಾ? ನಮ್ಮ ಮಕ್ಕಳಿಗೆ ಅವರ ಬಗ್ಗೆ ಒಂದೇ ಮಾತು ಹೇಳಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಸುಬೇದಾರ್ ಕಾಕಾ, ನಿಮಗೆ ಎಷ್ಟು ಹೇಳಿದರೂ ಸಾಲದು. (ಹೆಸರು ಹಾಕಬ್ಯಾಡ ಅಂದಿದ್ದಾರೆ, ಹಾಕಿಲ್ಲ.) ಮಂಡಿ ನೋವಿದ್ದರೂ ಬಂದು, ಕೂರದೆ ನಿಂತೇ ಮಾತಾಡಿದಿರಿ. ಹನುಮಂತಪ್ಪ ಅವರಿದ್ದ ಸೋನಂ ಪೋಸ್ಟ್ 19,600 ಅಡಿ ಎತ್ತರದಲ್ಲಿದೆ ಅಂತ ನಾವೆಲ್ಲ ಓದಿದ್ದೆವು. ಆ ಎತ್ತರ ಅಂದರೆ ಏನು ಅಂತ ತಿಳಿದಿದ್ದು ನೀವು ಜೇಬಿನಿಂದ ಒಂದು ಕಿತ್ತಳೆ ಹಣ್ಣು ತೆಗೆದಾಗ. "ಇದು ಅಲ್ಲಿ ಕ್ರಿಕೆಟ್ ಬಾಲ್ ಆಗ್ತದ. ಸುಲಿಯಾಕ ಉಗುರು ಹೋಗಂಗಿಲ್ಲ" ಅಂತ ಹೇಳಿ ಮುಂದಿದ್ದ ಹುಡುಗನ ಕೈಗಿಟ್ಟಿರಿ. ಅವನು ಅದನ್ನು ಕೊನೆವರೆಗೂ ತಿನ್ನದೆ ಹಿಡಿದುಕೊಂಡೇ ಕೂತಿದ್ದ. ಸ್ಟೋವ್ ಹಚ್ಚಿ ಹಿಮ ಕರಗಿಸಿದರೇ ಕುಡಿಯಲು ನೀರು, ನಡೆಯುವಾಗ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆಯಬೇಕು, ಹಸಿವೂ ಆಗಲ್ಲ, ನಿದ್ದೆಯೂ ಬರಲ್ಲ ಅಂದಿರಿ. ಆಗ ಓಣಿಯಲ್ಲಿ ಒಂದು ಸದ್ದಿರಲಿಲ್ಲ.

ಅವತ್ತು ಅಗೆದವರಿಗೂ ಇಲ್ಲೇ ಕೈ ಮುಗಿಯುತ್ತೇನೆ. ನಮ್ಮ ಬರಹ ಅವರಿಗೆ ತಲುಪುತ್ತದೋ ಇಲ್ಲವೋ, ಹೇಳುವುದು ನಮ್ಮ ಕೆಲಸ. ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಸುಮಾರು 25 ಅಡಿ ಕೊರೆದರು. 150ಕ್ಕೂ ಹೆಚ್ಚು ಸೈನಿಕರು, ಡಾಟ್ ಮತ್ತು ಮಿಶಾ ಅನ್ನುವ ಎರಡು ನಾಯಿಗಳು. ಆ ತೆಳು ಗಾಳಿಯಲ್ಲಿ ಹೆಲಿಕಾಪ್ಟರ್ ಹಾರಿಸಿದವರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹಗಲು ರಾತ್ರಿ ನೋಡಿಕೊಂಡವರು. ಉತ್ತರ ಪ್ರದೇಶದ ಒಬ್ಬ ಹೆಣ್ಣುಮಗಳು ನನ್ನ ಕಿಡ್ನಿ ತಗೊಳ್ಳಿ ಅಂತ ಮುಂದೆ ಬಂದಿದ್ದರು. ಅವರಿಗೆ ಹನುಮಂತಪ್ಪ ಯಾರು? ಯಾರೂ ಅಲ್ಲ. ಎಲ್ಲ.

ಇನ್ನೊಂದು ಮಾತು. ಅವತ್ತು ಹೋದವರಲ್ಲಿ ನಮ್ಮ ರಾಜ್ಯದ ಇನ್ನೂ ಇಬ್ಬರು ಇದ್ದರು, ಹಾಸನದ ಸುಬೇದಾರ್ ನಾಗೇಶ್ ಮತ್ತು ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್. ಶಾಲೆಯ ಮಕ್ಕಳು ಹತ್ತೂ ಜನರ ಹೆಸರು ಒಂದೊಂದಾಗಿ ಓದಿದರು, ಪ್ರತಿ ಹೆಸರಿಗೂ ಒಂದೊಂದು ದೀಪ ಹಚ್ಚಿದರು. ಹೇಳಿಕೊಟ್ಟ ಟೀಚರಮ್ಮನಿಗೆ ದೊಡ್ಡ ನಮಸ್ಕಾರ. ತಮಿಳು, ಮಲಯಾಳಿ ಹೆಸರುಗಳನ್ನೂ ಒಂದು ತಪ್ಪಿಲ್ಲದೆ ಓದಿಸಿದಿರಿ.

2017ರ ಸೇನಾ ದಿನದಂದು ಹನುಮಂತಪ್ಪ ಅವರ ಸೇನಾ ಪದಕವನ್ನು ಅವರ ಪತ್ನಿ ಸ್ವೀಕರಿಸಿದ್ದರು. ಆ ತಾಯಿಗೆ, ಅವರ ಮಗಳಿಗೆ, ಬೆಟದೂರಿನ ಜನಕ್ಕೆ ನಮ್ಮ ಓಣಿಯ ಪರವಾಗಿ ಶರಣು.

ಕೊನೆಗೆ ಕಿತ್ತಳೆ ಹಿಡಿದಿದ್ದ ಆ ಹುಡುಗ ಎದ್ದು ನಿಂತು ಕೇಳಿದ್ದು ನಿಮಗೆಲ್ಲ ನೆನಪಿರಬೇಕು. "ಹಿಮದ ಕೆಳಗ ಇದ್ದಾಗ, ಮ್ಯಾಲೆ ತನ್ನನ್ನ ಹುಡುಕಾಕತ್ತಾರ ಅಂತ ಅವರಿಗೆ ಗೊತ್ತಿತ್ತೇನ್ರಿ?" ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗೊತ್ತಿರ್ತದಪ್ಪಾ. ನಮ್ಮವರು ಬಂದೇ ಬರ್ತಾರ ಅಂತ ಗೊತ್ತಿದ್ದಕ್ಕ ನಾವು ಅಲ್ಲಿ ಇರ್ತೀವಿ" ಅಂದರು.

ಬರುವ ಭಾನುವಾರ ಬೆಳಿಗ್ಗೆ ಕೆಲವರು ಬೆಟದೂರಿಗೆ ಹೋಗುತ್ತಿದ್ದೇವೆ. ಹೂವಿನ ಅಜ್ಜಿಯೂ ಬರುತ್ತಾರಂತೆ, ಅವರಿಗೆ ಕಾರಿನಲ್ಲಿ ಮುಂದಿನ ಸೀಟು. ಬರುವವರು ಶನಿವಾರ ಸಂಜೆಯೊಳಗೆ ಹೇಳಿ, ಇನ್ನೊಂದು ಗಾಡಿ ಮಾಡೋಣ.